ಭೂಗೋಳ ಓದಿದರೆ ಹೊಟ್ಟೆ ತುಂಬುತ್ತಾ?

ಪಿ.ಯು.ಸಿ. ಫಲಿತಾಂಶ ಬಂದ ಮೇಲೆ ಪ್ರತಿ ವರ್ಷ ಡಿಗ್ರಿ ಕಾಲೇಜುಗಳ ಕಿಟಕಿ ಮುಂದೆ ನಡೆಯುವ ಮಾತುಕತೆ ಹೆಚ್ಚುಕಮ್ಮಿ ಹೀಗಿರುತ್ತದೆ. ‘ಬಿ.ಕಾಂ. ಸೀಟು ಇದೆಯಾ ಸಾರ್?’ ‘ತುಂಬಿದೆ.’ ‘ಬಿ.ಸಿ.ಎ.?’ ‘ಇದೆ, ಫೀಜು ನೋಡ್ಕೊಳ್ಳಿ.’ ‘ಅಯ್ಯೋ, ಹಂಗಾದ್ರೆ ಬಿ.ಎ.ಗೇ ಹಾಕ್ಕೊಳ್ಳಿ.’ ‘ಯಾವ ಕಾಂಬಿನೇಷನ್ನು?’ ‘ಯಾವುದು ಖಾಲಿ ಇದೆಯೋ ಅದು.’

ಖಾಲಿ ಇರುವ ಈ ಬಾಬತ್ತಿನಲ್ಲಿ ಸೇರಿಹೋಗಿರುವುದು ಭೂಗೋಳಶಾಸ್ತ್ರ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಸೇರಿದ ಎಚ್.ಇ.ಪಿ.ಗೆ ಇರುವ ಬೇಡಿಕೆ ಇದಕ್ಕಿಲ್ಲ. ‘ಭೂಗೋಳ ಓದಿ ಏನ್ ಮಾಡ್ತಾನೆ, ಗ್ಲೋಬು ತಿರುಗಿಸ್ಕೊಂಡು ಕೂರ್ತಾನಾ?’ ಅಂತ ಕೇಳುವ ಸೋದರಮಾವ ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ.

ಮಾವನವರ ಪ್ರಶ್ನೆಯನ್ನು ತಳ್ಳಿಹಾಕುವ ಹಾಗಿಲ್ಲ. ಮೂರು ವರ್ಷದ ಫೀಜು, ಪುಸ್ತಕ, ಊಟತಿಂಡಿ, ಅದರ ಮೇಲೆ ದುಡಿಯುವ ವಯಸ್ಸಿನ ಒಂದು ಜೊತೆ ಕೈ ಮನೆಯಲ್ಲಿ ಇಲ್ಲದಿರುವ ನಷ್ಟ. ಕಿರಾಣಿ ಅಂಗಡಿ ಇಟ್ಟವರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಉತ್ತರವನ್ನು ಗ್ಲೋಬಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆಯ ಆರು ತಾಲ್ಲೂಕುಗಳಲ್ಲೇ ಹುಡುಕಬೇಕು.

ಕಣಿವೆ ತುಂಬಿದ ವರ್ಷ

ಮೊದಲು ಮಾರಿಕಣಿವೆಯನ್ನೇ ತಗೊಳ್ಳಿ. ಮಹಾರಾಜರ ಕಾಲದಲ್ಲಿ, ೧೯೦೭ರ ಹೊತ್ತಿಗೆ, ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡ ಕಟ್ಟಿದ ವಾಣಿವಿಲಾಸ ಸಾಗರ. ಪೂರ್ಣ ಮಟ್ಟ ೧೩೦ ಅಡಿ. ಹಿಡಿಯುವ ನೀರು ಸುಮಾರು ೩೦ ಟಿ.ಎಂ.ಸಿ. ಈ ಕೆರೆ ೧೯೩೩ರಲ್ಲಿ ಒಮ್ಮೆ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು ೨೦೨೨ರ ಸೆಪ್ಟೆಂಬರ್‌ನಲ್ಲಿ. ಮಧ್ಯೆ ೮೯ ವರ್ಷ. ಕೋಡಿ ನೋಡದೆಯೇ ಹುಟ್ಟಿ, ಬದುಕಿ, ಮೊಮ್ಮಕ್ಕಳನ್ನು ಕಂಡು ಹೋದವರು ಎಷ್ಟೋ ಮಂದಿ.

೨೦೨೨ರಲ್ಲಿ ಜನ ಕೋಡಿ ನೋಡಲು ಹೋಗುತ್ತಿದ್ದ ಹೊತ್ತಿನಲ್ಲೇ, ಹಿಂದಿನ ಕಡೆ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಹಳ್ಳಿಗಳಿಗೆ ನೀರು ನುಗ್ಗಿತು. ಹಿರಿಯೂರಿನ ಕಡೆ ಬಾಗಿನ, ಹೊಸದುರ್ಗದ ಕಡೆ ಗೋಳು. ನೀರಿಗೆ ಯಾರ ಮೇಲೂ ದ್ವೇಷವಿಲ್ಲ ಸ್ವಾಮಿ. ಕಟ್ಟೆಯಲ್ಲಿ ೧೩೦ ಅಡಿ ನಿಂತರೆ, ಹಿಂದಿನ ನೆಲದಲ್ಲಿ ಅದೇ ಎತ್ತರದ ತನಕ ಎಲ್ಲೆಲ್ಲಿ ಹೋಗಬೇಕೋ ಅಲ್ಲಿಗೆ ಹೋಗಿಯೇ ಹೋಗುತ್ತದೆ. ಒಂದೇ ಎತ್ತರದ ಜಾಗಗಳನ್ನೆಲ್ಲ ಸೇರಿಸಿ ನಕ್ಷೆಯ ಮೇಲೆ ಎಳೆದ ಗೆರೆಗೆ ಭೂಗೋಳದ ಮೇಷ್ಟ್ರು ಕಾಂಟೂರು ಅನ್ನುತ್ತಾರೆ. ಭೂಗೋಳ ಪದವಿಯ ಪ್ರಾಕ್ಟಿಕಲ್ಲಿನಲ್ಲಿ ಮೊದಮೊದಲೇ ಕಲಿಸುವ ಪಾಠ ಅದು. ೮೯ ವರ್ಷದಲ್ಲಿ ಮನುಷ್ಯರ ನೆನಪು ಅಳಿಸಿಹೋಗಬಹುದು, ನಕ್ಷೆಯ ಗೆರೆ ಅಳಿಸುವುದಿಲ್ಲ. ಆ ಗೆರೆ ಓದಬಲ್ಲವನೊಬ್ಬ ಗ್ರಾಮ ಪಂಚಾಯಿತಿಯಲ್ಲಿ ಇದ್ದಿದ್ದರೆ, ಕೆರೆ ೧೨೦ ಅಡಿ ದಾಟಿದಾಗಲೇ ಯಾವ ಹೊಲ, ಯಾವ ರಸ್ತೆ, ಯಾವ ಮನೆ ಅಂತ ಪಟ್ಟಿ ಕೊಡಬಹುದಿತ್ತು.

ಎರಡನೆಯದು ಬರ. ಆಗುಂಬೆಯಲ್ಲಿ ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮೀರಿ ಮಳೆ. ಚಳ್ಳಕೆರೆಯಲ್ಲಿ ೫೦೦ರ ಆಸುಪಾಸು ಆದರೆ ಪುಣ್ಯ. ಪಡುವಣ ಗಾಳಿ ಘಟ್ಟ ಹತ್ತುವಾಗ ಇದ್ದ ನೀರನ್ನೆಲ್ಲ ಅಲ್ಲೇ ಸುರಿದು, ಬರಿಗೈಯಲ್ಲಿ ನಮ್ಮ ಕಡೆ ಇಳಿಯುತ್ತದೆ. ಇದು ಮಳೆ ನೆರಳಿನ ನಾಡು. ಶಾಪ ಅಂತ ಹೇಳಿ ಸುಮ್ಮನಾಗುವವರು ಆಗಲಿ. ಇದರ ಕಾರಣ ಮಾತ್ರ ಗುಡ್ಡ, ಗಾಳಿ, ದಿಕ್ಕು.

೨೦೨೩ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಮೊದಲು ೧೯೫ ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಆಮೇಲೆ ಪಟ್ಟಿ ಬೆಳೆದು, ಇರುವ ೨೩೬ ತಾಲ್ಲೂಕುಗಳಲ್ಲಿ ೨೨೩ಕ್ಕೆ ಹೋಯಿತು. ಈ ಪಟ್ಟಿಯನ್ನು ಮಂತ್ರಿಗಳು ಆಕಾಶ ನೋಡಿ ಬರೆಯುವುದಿಲ್ಲ. ಕೇಂದ್ರ ಸರ್ಕಾರದ ೨೦೧೬ರ ಬರ ಕೈಪಿಡಿ ಇದೆ. ವಾಡಿಕೆ ಮಳೆಗಿಂತ ಎಷ್ಟು ಕಮ್ಮಿ, ಎಷ್ಟು ವಾರ ಮಳೆ ಕೈಕೊಟ್ಟಿತು, ಬಿತ್ತನೆ ಎಷ್ಟು, ಮಣ್ಣಿನಲ್ಲಿ ತೇವ ಎಷ್ಟು, ಉಪಗ್ರಹದ ಕಣ್ಣಿಗೆ ಹಸಿರು ಎಷ್ಟು ಕಂಡಿತು ಅಂತ ಲೆಕ್ಕ ಹಾಕಬೇಕು. ಆಮೇಲೆ ಹಳ್ಳಿಗೆ ಹೋಗಿ ಹೊಲ ನೋಡಿ ತಾಳೆ ಹಾಕಬೇಕು. ಇದಕ್ಕಾಗಿಯೇ ನಮ್ಮ ರಾಜ್ಯದಲ್ಲಿ ೧೯೮೮ರಲ್ಲಿ ಬರ ನಿಗಾ ಘಟಕ ಹುಟ್ಟಿತು. ಅದೇ ಇವತ್ತು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗೊಂದರಂತೆ ಮಳೆ ಅಳೆಯುವ ಯಂತ್ರ ಇಟ್ಟು ಲೆಕ್ಕ ತರಿಸಿಕೊಳ್ಳುತ್ತದೆ.

ಪಟ್ಟಿಗೆ ತಾಲ್ಲೂಕು ಸೇರಿದರೆ ಪರಿಹಾರ, ಸೇರದಿದ್ದರೆ ಇಲ್ಲ. ಶೇಂಗಾ ರೈತನ ಕೈಗೆ ದುಡ್ಡು ಬಂದರೆ ದೀಪಾವಳಿಗೆ ಜವಳಿ ಅಂಗಡಿ ನಡೆಯುತ್ತದೆ, ಬಾರದಿದ್ದರೆ ಉದ್ರಿ ಪುಸ್ತಕ ದಪ್ಪ ಆಗುತ್ತದೆ. ಅಂದರೆ ಪೇಟೆ ಬೀದಿಯ ಗಲ್ಲಾಪೆಟ್ಟಿಗೆಗೂ ಈ ಲೆಕ್ಕಕ್ಕೂ ನಂಟಿದೆ.

ಹತ್ತಡಿ ಅಂಗಡಿ, ಹದಿನಾರಡಿ ತಪ್ಪು

ಇನ್ನು ಜಾಗದ ಮಾತು. ಸರ್ವೆಯವರ ಹಳೇ ಸರಪಳಿ ೩೩ ಅಡಿ ಉದ್ದ, ಅದಕ್ಕೆ ೧೬ ಆಣೆ. ೩೩ ಅಡಿ ಚೌಕ ಒಂದು ಗುಂಟೆ, ಅಂದರೆ ೧,೦೮೯ ಚದರಡಿ. ೪೦ ಗುಂಟೆ ಒಂದು ಎಕರೆ. ೩೦ × ೪೦ ಸೈಟು ೧,೨೦೦ ಚದರಡಿ, ಗುಂಟೆಗಿಂತ ೧೧೧ ಚದರಡಿ ಜಾಸ್ತಿ. ಇದು ವ್ಯಾಪಾರಸ್ಥರಿಗೆ ಬಾಯಿಪಾಠ.

ಈಗ ಸರಪಳಿ ಜಾಗಕ್ಕೆ ಮೊಬೈಲು ಬಂದಿದೆ. ಸರ್ಕಾರದ ‘ದಿಶಾಂಕ್’ ಆ್ಯಪ್ ತೆಗೆದು ಹೊಲದಲ್ಲಿ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಒಳ್ಳೆಯ ಅನುಕೂಲ. ಆದರೆ ಇದನ್ನೇ ಹಿಡಿದುಕೊಂಡು ‘ನಿನ್ನ ಗೋಡೆ ನನ್ನ ಜಾಗದಲ್ಲಿದೆ’ ಅಂತ ಜಗಳಕ್ಕೆ ನಿಲ್ಲುವವರೂ ಹುಟ್ಟಿಕೊಂಡಿದ್ದಾರೆ. ಮೊಬೈಲಿನ ಜಿ.ಪಿ.ಎಸ್. ನಾಲ್ಕೈದು ಮೀಟರ್ ಆಚೀಚೆ ತೋರಿಸುವುದು ಮಾಮೂಲು. ಐದು ಮೀಟರ್ ಅಂದರೆ ಹದಿನಾರು ಅಡಿ. ನಿಮ್ಮ ಅಂಗಡಿಯ ಅಗಲವೇ ಹತ್ತಡಿ! ಅಂಗಡಿಗಿಂತ ತಪ್ಪೇ ದೊಡ್ಡದು. ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುವ ಉಪಕರಣ ಬೇರೆ, ವಿಧಾನ ಬೇರೆ. ಯಾವ ನಕ್ಷೆಯನ್ನು ಎಷ್ಟು ನಂಬಬೇಕು ಅಂತ ಹೇಳಬಲ್ಲವನೇ ಭೂಗೋಳ ಓದಿದವನು. ಓದಿದ್ದೂ ಅದು ಗೊತ್ತಿಲ್ಲದಿದ್ದರೆ ಅವನಿಗೆ ಪಾಠ ಮಾಡಿದವರನ್ನು ಕೇಳಬೇಕು.

ಈ ಕೆಲಸ ಕಮ್ಮಿಯಾಗುತ್ತಿಲ್ಲ, ಹೆಚ್ಚುತ್ತಿದೆ. ೨೦೨೦ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ‘ಸ್ವಾಮಿತ್ವ’ ಯೋಜನೆ ತಂದಿತು. ಹಳ್ಳಿಗಳ ಮನೆ, ಹಿತ್ತಲುಗಳಿಗೆ ಸರಿಯಾದ ಕಾಗದವಿರಲಿಲ್ಲವಲ್ಲ, ಅದಕ್ಕೆ ಡ್ರೋನ್ ಹಾರಿಸಿ ಅಳೆಯುವ ಕೆಲಸ. ಮೊದಲ ಹಂತಕ್ಕೆ ಆರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ೨೦೨೧ರ ಫೆಬ್ರವರಿ ತನಕ ನಮ್ಮ ದೇಶದಲ್ಲಿ ನಕ್ಷೆ ಮಾಡಲು ಸರ್ಕಾರದ ಅಪ್ಪಣೆ ಬೇಕಿತ್ತು. ಆ ತಿಂಗಳು ನಿಯಮ ಸಡಿಲವಾಗಿ, ಭಾರತದ ಕಂಪನಿಗಳು ಅಪ್ಪಣೆಗೆ ಕಾಯದೆ ನಕ್ಷೆ ಮಾಡಬಹುದು ಅಂತಾಯಿತು. ೨೦೨೨ರ ಡಿಸೆಂಬರ್‌ನಲ್ಲಿ ಇದಕ್ಕೇ ಒಂದು ರಾಷ್ಟ್ರೀಯ ನೀತಿ ಬಂತು. ಮನೆಬಾಗಿಲಿಗೆ ಊಟ ತರುವ ಹುಡುಗನ ಫೋನಿನಿಂದ ಹಿಡಿದು ವಿದ್ಯುತ್ ಕಂಬದ ಪಟ್ಟಿಯ ತನಕ ಎಲ್ಲಕ್ಕೂ ಈಗ ನಕ್ಷೆ ಬೇಕು. ೧೭೬೭ರಲ್ಲಿ ಶುರುವಾದ ಸರ್ವೆ ಆಫ್ ಇಂಡಿಯಾ ಕೂಡ ೨೦೧೭ರಿಂದ ಸಾಮಾನ್ಯರಿಗೆ ತೆರೆದ ತನ್ನ ನಕ್ಷೆಗಳನ್ನು ಕಂಪ್ಯೂಟರಿನಲ್ಲೇ ಪುಕ್ಕಟೆ ಕೊಡುತ್ತಿದೆ.

ಅನ್ನ ಯಾರಿಗೆ?

ಹಾಗಾದರೆ ಭೂಗೋಳ ಓದಿದವರಿಗೆಲ್ಲ ಕೆಲಸ ಕೈಗೆ ಬಂದು ಬೀಳುತ್ತಾ? ಇಲ್ಲ. ಅಲ್ಲೇ ಇರುವುದು ಕಥೆ.

ಭೂಮಾಪಕರ ಹುದ್ದೆಗೆ ಅರ್ಜಿ ಕರೆದಾಗ ಅರ್ಹತೆಯ ಕಾಲಂ ಓದಿ ನೋಡಿ. ಸಿವಿಲ್ ಎಂಜಿನಿಯರಿಂಗ್, ಗಣಿತದಲ್ಲಿ ಒಳ್ಳೆಯ ಅಂಕ ಇರುವ ಪಿ.ಯು. ವಿಜ್ಞಾನ, ಐ.ಟಿ.ಐ. ಸರ್ವೆ ಟ್ರೇಡು, ಹೀಗೆ ಸಾಲು ಇರುತ್ತದೆ. ಮೂರು ವರ್ಷ ನಕ್ಷೆ ಓದಿದ ಬಿ.ಎ. ಭೂಗೋಳದ ಹುಡುಗ ಆ ಸಾಲಿನಲ್ಲಿ ತನ್ನ ಹೆಸರು ಹುಡುಕಿಕೊಂಡು ಸುಸ್ತಾಗುತ್ತಾನೆ. ಜಮೀನು ಅಳೆಯಲು ಗಣಿತ ಬೇಕು ಅನ್ನೋದು ಸರಿ. ಆದರೆ ಗಣಿತದ ಪರೀಕ್ಷೆ ಇಟ್ಟು ಭೂಗೋಳದವರನ್ನೂ ಒಳಗೆ ಬಿಟ್ಟರೆ ಸರ್ಕಾರಕ್ಕೆ ನಷ್ಟವೇನು?

ಮೇಷ್ಟ್ರ ಕೆಲಸದ ಕಥೆ ಬೇರೆ. ಹೈಸ್ಕೂಲಿನ ಸಮಾಜ ವಿಜ್ಞಾನ ಒಂದೇ ಪುಸ್ತಕದ ಹೊಟ್ಟೆಯಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಅಂತ ಆರು ವಿಷಯ. ಕಲಿಸುವವರು ಒಬ್ಬರೇ. ಅವರು ಪದವಿಯಲ್ಲಿ ಭೂಗೋಳ ಓದಿರದಿದ್ದರೆ, ಅಕ್ಷಾಂಶ ರೇಖಾಂಶದ ಪಾಠ ಬಂದಾಗ ‘ಇದು ಪರೀಕ್ಷೆಗೆ ಎರಡು ಮಾರ್ಕ್ಸು, ಬರ್ಕೊಳ್ಳಿ’ ಅಂತ ದಾಟಿಸುತ್ತಾರೆ. ಆ ಮಕ್ಕಳೇ ಮುಂದೆ ಕಾಲೇಜಿಗೆ ಬಂದು ಭೂಗೋಳ ಕಷ್ಟ ಅಂತ ಎಚ್.ಇ.ಪಿ. ತಗೊಳ್ಳುತ್ತಾರೆ. ಅವರಲ್ಲೇ ಕೆಲವರು ಬಿ.ಇಡಿ. ಮುಗಿಸಿ ಮತ್ತೆ ಅದೇ ಪಾಠ ಅದೇ ರೀತಿ ದಾಟಿಸುತ್ತಾರೆ. ಎತ್ತು ಗಾಣ ಸುತ್ತಿದ ಹಾಗೆ. ಹಾಗಿದ್ದರೂ ಭೂಗೋಳ ಓದಿ ಬಿ.ಇಡಿ. ಮಾಡಿದವರಿಗೆ ಶಾಲೆಯ ದಾರಿ ಇವತ್ತಿಗೂ ನಿಜವಾದ ದಾರಿ. ೨೦೨೨ರಲ್ಲಿ ಆರರಿಂದ ಎಂಟನೇ ತರಗತಿಗೆ ೧೫,೦೦೦ ಪದವೀಧರ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದಾಗ ಸಮಾಜ ವಿಜ್ಞಾನಕ್ಕೂ ಪಾಲಿತ್ತು.

ಐ.ಎ.ಎಸ್. ಕನಸಿನವರಿಗೆ ಇನ್ನೊಂದು ಅನುಕೂಲ. ಯು.ಪಿ.ಎಸ್.ಸಿ. ಮುಖ್ಯ ಪರೀಕ್ಷೆಯಲ್ಲಿ ಭೂಗೋಳ ಐಚ್ಛಿಕ ವಿಷಯ, ೨೫೦ ಅಂಕದ ಎರಡು ಪತ್ರಿಕೆ. ಸಾಮಾನ್ಯ ಜ್ಞಾನದ ಪತ್ರಿಕೆಯಲ್ಲೂ ಅದರ ಪಾಲಿದೆ. ಆದರೆ ಲಕ್ಷಾಂತರ ಜನ ಬರೆದು ಕೆಲವು ನೂರು ಜನ ಗೆಲ್ಲುವ ಪರೀಕ್ಷೆಯನ್ನೇ ನಂಬಿ ಪದವಿಗೆ ಸೇರಿಸುವುದು, ಲಾಟರಿ ಟಿಕೆಟ್ಟು ನಂಬಿ ಅಂಗಡಿಗೆ ಮಾಲು ತರಿಸಿದ ಹಾಗೆ.

ಮೂರನೇ ದಾರಿ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿ.ಐ.ಎಸ್. ಕೆಲಸ. ಬೆಂಗಳೂರಿನಲ್ಲಿ ಇಂಥ ಕಂಪನಿಗಳಿವೆ, ಸರ್ಕಾರದ ದೂರ ಸಂವೇದಿ ಅನ್ವಯ ಕೇಂದ್ರವೂ ಇದೆ. ಶುರುವಿನಲ್ಲಿ ಗುತ್ತಿಗೆ ಕೆಲಸ, ಸಣ್ಣ ಸಂಬಳ. ಎಂಜಿನಿಯರುಗಳ ಜೊತೆ ಪೈಪೋಟಿ. ಕೈಯಲ್ಲಿ ಕೆಲಸ ಇದ್ದವನು ನಿಲ್ಲುತ್ತಾನೆ, ಬರೀ ಮಾರ್ಕ್ಸ್ ಕಾರ್ಡ್ ಇದ್ದವನು ವಾಪಸ್ ಬಸ್ ಹತ್ತುತ್ತಾನೆ.

ಕಾಲೇಜು ಮಾಡಿದ್ದೇನು?

ಭೂಗೋಳ ಉಳಿದ ಆರ್ಟ್ಸ್ ವಿಷಯಗಳಂತಲ್ಲ. ಇದಕ್ಕೆ ಪ್ರಾಕ್ಟಿಕಲ್ಲಿದೆ. ನಕ್ಷೆ, ಸರ್ವೆ ಉಪಕರಣ, ಹವಾಮಾನದ ಯಂತ್ರ, ಈಗ ಕಂಪ್ಯೂಟರ್. ವರ್ಷಕ್ಕೊಮ್ಮೆ ಹೊರಗೆ ಹೋಗಿ ನೆಲ ನೋಡಬೇಕು. ಆಡಳಿತದ ಕಣ್ಣಿಗೆ ಇದೆಲ್ಲ ಖರ್ಚು. ಆದ್ದರಿಂದ ಸೇರುವವರು ಕಮ್ಮಿಯಾದ ಕೂಡಲೇ ಮೊದಲು ಕತ್ತರಿ ಬೀಳುವ ಅಪಾಯ ಇದರ ಮೇಲೇ.

ಇದರ ಮಧ್ಯೆ ನೀತಿಯ ಕುಣಿತ ಬೇರೆ. ೨೦೨೧-೨೨ರಲ್ಲಿ ದೇಶದಲ್ಲೇ ಮೊದಲು ಅಂತ ಹೇಳಿಕೊಂಡು ಕರ್ನಾಟಕ ಹೊಸ ಶಿಕ್ಷಣ ನೀತಿ ತಂದಿತು. ನಾಲ್ಕು ವರ್ಷದ ಆನರ್ಸ್ ಬಂತು. ಮೂರು ಐಚ್ಛಿಕ ವಿಷಯದ ಜಾಗಕ್ಕೆ ಎರಡು ಬಂದವು. ಮೂರರಲ್ಲಿ ಒಂದನ್ನು ಬಿಡಬೇಕಾದಾಗ ಹುಡುಗರು ಬಿಡುವುದು ಪ್ರಾಕ್ಟಿಕಲ್ ಇರುವುದನ್ನೇ ಅಂತ ಹೇಳಲು ಜ್ಯೋತಿಷಿ ಬೇಕಿಲ್ಲ. ಮೂರೇ ವರ್ಷಕ್ಕೆ, ೨೦೨೪ರ ಮೇ ತಿಂಗಳಲ್ಲಿ, ಸರ್ಕಾರ ಬದಲಾದದ್ದಕ್ಕೆ ನೀತಿಯೂ ಬದಲಾಗಿ, ಮತ್ತೆ ಮೂರು ವರ್ಷದ ಪದವಿ ಬಂತು. ಬೆಂಗಳೂರಿನಲ್ಲಿ ಕೂತವರಿಗೆ ಇದು ಒಂದು ಆದೇಶದ ಕಾಗದ. ಇಲ್ಲಿ ನಡುವೆ ಸಿಕ್ಕಿಕೊಂಡ ಹುಡುಗನಿಗೆ ಅಣ್ಣನ ಪುಸ್ತಕ ತನಗೆ ಬಾರದು, ತನ್ನದು ತಮ್ಮನಿಗೆ ಬಾರದು.

ಪಾಠ ಮಾಡುವವರ ಸ್ಥಿತಿಯೂ ಗೊತ್ತಿದ್ದದ್ದೇ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ರಾಜ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆದಿವೆ. ೨೦೨೩ರ ನವೆಂಬರ್‌ನಿಂದ ಅವರು ಕಾಯಂ ಮಾಡಿ ಅಂತ ಧರಣಿ ಕೂತಾಗ ಎಷ್ಟೋ ಕಾಲೇಜುಗಳಲ್ಲಿ ಪಾಠ ನಿಂತಿತು. ವರ್ಷ ವರ್ಷವೂ ನಾಳೆ ಇರುತ್ತೇನೋ ಇಲ್ಲವೋ ಅನ್ನುವ ಮೇಷ್ಟ್ರು, ಮಕ್ಕಳನ್ನು ಕರಕೊಂಡು ಜೋಗಿಮಟ್ಟಿ ಹತ್ತಿ ಬಂಡೆ, ಮಣ್ಣು, ಇಳಿಜಾರು ತೋರಿಸಲಿ ಅಂತ ಬಯಸುವುದು ಹೇಗೆ?

ಬಸ್ಸಿನ ಮಾತನ್ನೂ ಹೇಳಲೇಬೇಕು. ೨೦೨೩ರ ಜೂನ್ ೧೧ರಿಂದ ‘ಶಕ್ತಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸು ಪುಕ್ಕಟೆ. ಊರಿನ ಕಾಲೇಜಿನಲ್ಲಿ ಭೂಗೋಳ ಇಲ್ಲದಿದ್ದರೆ ದುರ್ಗಕ್ಕೆ ಬಂದು ಓದುವ ದಾರಿ ಈಗ ಹುಡುಗಿಯರಿಗೂ ತೆರೆದಿದೆ. ಆದರೆ ಪ್ರಾಕ್ಟಿಕಲ್ ಮಧ್ಯಾಹ್ನ ಶುರುವಾಗಿ ಸಂಜೆ ಐದಕ್ಕೆ ಮುಗಿದರೆ, ಹಳ್ಳಿಗೆ ಹೋಗುವ ಬಸ್ಸು ಹೊರಟುಹೋಗಿರುತ್ತದೆ. ಟಿಕೆಟ್ಟು ಪುಕ್ಕಟೆ ಇದ್ದು ಬಸ್ಸೇ ಇಲ್ಲದಿದ್ದರೆ ಏನು ಪ್ರಯೋಜನ? ಮಗಳು ಕತ್ತಲಾದ ಮೇಲೆ ಸ್ಟ್ಯಾಂಡಿನಲ್ಲಿ ಕಾಯುವುದು ಯಾವ ಅಪ್ಪನಿಗೂ ಸಮ್ಮತವಲ್ಲ. ಕೊನೆಗೆ ಪ್ರಾಕ್ಟಿಕಲ್ ಇಲ್ಲದ ವಿಷಯವೇ ವಾಸಿ ಅಂತ ತೀರ್ಮಾನ. ಹುಡುಗಿಯ ಓದನ್ನು ಕಡೆಗೆ ನಿರ್ಧರಿಸುವುದು ಡಿಪೋದ ವೇಳಾಪಟ್ಟಿ. ಪ್ರಿನ್ಸಿಪಾಲರೂ ಡಿಪೋ ಮ್ಯಾನೇಜರರೂ ಒಂದು ಕಪ್ ಕಾಫಿ ಕುಡಿಯುವಷ್ಟು ಹೊತ್ತು ಕೂತು ಮಾತಾಡಿದರೆ ಬಗೆಹರಿಯುವ ಸಮಸ್ಯೆ ಇದು.

ಕಿಟಕಿ ಮುಂದೆ ಕೇಳಬೇಕಾದ್ದು

ಆದ್ದರಿಂದ ಅಪ್ಪ ಅಮ್ಮಂದಿರೇ, ಮಗನನ್ನೋ ಮಗಳನ್ನೋ ಭೂಗೋಳಕ್ಕೆ ಸೇರಿಸುವ ಮುಂಚೆ ಕಾಲೇಜಿನಲ್ಲಿ ನಾಲ್ಕು ಮಾತು ಕೇಳಿ. ಅಂಗಡಿಗೆ ಮಾಲು ತರುವಾಗ ತೂಕ ನೋಡುವುದಿಲ್ಲವೇ, ಹಾಗೆ.

ಒಂದು: ಪಾಠ ಮಾಡುವವರು ಭೂಗೋಳದಲ್ಲೇ ಎಂ.ಎ. ಅಥವಾ ಎಂ.ಎಸ್ಸಿ. ಮಾಡಿದವರಾ? ಬೇರೆ ವಿಷಯದವರಿಗೆ ಹೆಚ್ಚುವರಿಯಾಗಿ ಅಂಟಿಸಿದ್ದಾರಾ?

ಎರಡು: ಪ್ರಾಕ್ಟಿಕಲ್ ಕೊಠಡಿ ತೋರಿಸಿ ಅನ್ನಿ. ಬೀಗಕ್ಕೆ ತುಕ್ಕು ಹಿಡಿದಿದ್ದರೆ ಉತ್ತರ ಅಲ್ಲೇ ಸಿಕ್ಕಿತು.

ಮೂರು: ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು ಕಲಿಸುತ್ತೀರಾ? ದುಡ್ಡಿಲ್ಲ ಅಂದರೆ ನಂಬಬೇಡಿ. ‘ಕ್ಯೂಜಿಐಎಸ್’ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ. ಇಸ್ರೋದವರ ‘ಭುವನ್’ ನೋಡುವುದಕ್ಕೂ ಕಾಸು ಕೊಡಬೇಕಾಗಿಲ್ಲ. ಬೇಕಾದ್ದು ನಡೆಯುವ ಕಂಪ್ಯೂಟರ್, ಕರೆಂಟು, ಕಲಿಸುವ ಮನಸ್ಸು.

ನಾಲ್ಕು: ವರ್ಷಕ್ಕೆ ಎಷ್ಟು ದಿನ ಹೊರಗೆ ಕರಕೊಂಡು ಹೋಗುತ್ತೀರಿ? ‘ಟೂರು ಹೋಗ್ತೀವಿ, ಮೈಸೂರು ಅರಮನೆ ನೋಡ್ತೀವಿ’ ಅಂದರೆ ಅದು ಭೂಗೋಳವಲ್ಲ.

ನಾಲ್ಕಕ್ಕೂ ಸರಿಯಾದ ಉತ್ತರ ಸಿಕ್ಕರೆ ಧೈರ್ಯವಾಗಿ ಸೇರಿಸಿ. ಎರಡಕ್ಕೆ ಸಿಕ್ಕರೆ, ಉಳಿದದ್ದನ್ನು ಮಗು ತಾನೇ ಕಲಿಯುತ್ತದಾ ನೋಡಿಕೊಂಡು ಸೇರಿಸಿ. ಒಂದಕ್ಕೂ ಇಲ್ಲದಿದ್ದರೆ, ಖಾಲಿ ಇದೆ ಅಂತ ಮಾತ್ರ ಸೇರಿಸಬೇಡಿ. ಆ ಪದವಿ ಹೆಸರಿಗೆ ಭೂಗೋಳ, ಒಳಗೆ ಗೋಳು.

ಬೇಲಿಯ ಆಚೆ, ಈಚೆ

ಮನೆಯವರು ಇಷ್ಟು ಮಾಡಿದರೂ ಸರ್ಕಾರ ಮಾಡಬೇಕಾದ್ದು ಬಾಕಿ ಇದೆ. ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಇಸ್ರೋ, ಡಿ.ಆರ್.ಡಿ.ಓ., ಬಾರ್ಕ್, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಸಾವಿರಾರು ಎಕರೆ ಕೊಟ್ಟಿದ್ದಾಯಿತು. ದನ ಮೇಯುತ್ತಿದ್ದ ಸೀಮೆಯಲ್ಲಿ ೨೦೨೩ರಲ್ಲೂ ೨೦೨೪ರಲ್ಲೂ ಇಸ್ರೋದ ಪುನರ್ಬಳಕೆಯ ವಾಹನ ತಾನೇ ತಾನಾಗಿ ಇಳಿದು ದೇಶವೆಲ್ಲ ಚಪ್ಪಾಳೆ ತಟ್ಟಿತು. ನಮಗೂ ಹೆಮ್ಮೆಯೇ. ಬೇಲಿಯ ಆಚೆ ಆಕಾಶದಿಂದ ಭೂಮಿ ನೋಡುವ ವಿದ್ಯೆ. ಬೇಲಿಯ ಈಚೆ ಬಸ್ಸಿನಲ್ಲಿ ಹೋಗುವ ನಮ್ಮ ಮಕ್ಕಳಿಗೆ ಅದೇ ಭೂಮಿಯ ನಕ್ಷೆ ಓದಲು ಕಲಿಸುವ ಮೇಷ್ಟ್ರು ಗುತ್ತಿಗೆಯ ಮೇಲೆ. ಈ ಎರಡನ್ನೂ ಸೇರಿಸುವ ಯೋಚನೆ ಯಾರಿಗಾದರೂ ಬರಬೇಡವೇ?

ಭದ್ರಾ ಮೇಲ್ದಂಡೆ ಯೋಜನೆ ಮುಗಿದರೆ ನಾಲ್ಕು ಜಿಲ್ಲೆಗಳ ೨.೨೫ ಲಕ್ಷ ಹೆಕ್ಟೇರಿಗೆ ನೀರು ಅನ್ನುತ್ತಾರೆ. ೨೦೨೩ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ ೫,೩೦೦ ಕೋಟಿ ರೂಪಾಯಿ ಅಂತ ಓದಿ ಹೇಳಿದ್ದೂ ಆಗಿದೆ. ದುಡ್ಡಿನ ಜಗಳ ದೆಹಲಿ, ಬೆಂಗಳೂರಿನವರು ಆಡಿಕೊಳ್ಳಲಿ. ಕಾಲುವೆ ಯಾವ ಎತ್ತರದಲ್ಲಿ ಹೋಗುತ್ತದೆ, ಯಾವ ಕೆರೆಗೆ ನೀರು ತಾನಾಗಿ ಇಳಿಯುತ್ತದೆ, ಯಾವುದಕ್ಕೆ ಎತ್ತಿ ಹಾಕಬೇಕು, ಯಾವ ಹಳ್ಳಿ ಪಟ್ಟಿಯಿಂದ ತಪ್ಪಿಹೋಗಿದೆ ಅಂತ ನಕ್ಷೆ ಹರಡಿ ಅಧಿಕಾರಿಯನ್ನು ಕೇಳಬಲ್ಲವರು ನಮ್ಮ ಹಳ್ಳಿಗಳಲ್ಲಿ ಎಷ್ಟು ಜನ ಇದ್ದಾರೆ? ಅವರು ತೋರಿಸಿದ್ದೇ ನಕ್ಷೆ, ಹೇಳಿದ್ದೇ ನೀರು ಅಂತಾಗಿದೆ.

ಮಾಡಬೇಕಾದ್ದು ದೊಡ್ಡದೇನಲ್ಲ. ತಾಲ್ಲೂಕಿಗೆ ಒಂದು ಸರ್ಕಾರಿ ಕಾಲೇಜಿನಲ್ಲಾದರೂ ಭೂಗೋಳ ಉಳಿಯಲಿ, ಹುಡುಗರು ಹನ್ನೆರಡೇ ಇದ್ದರೂ ಸರಿ. ಅಲ್ಲಿಗೆ ಕಾಯಂ ಮೇಷ್ಟ್ರು ಬರಲಿ. ಕೊನೆಯ ವರ್ಷದವರನ್ನು ಎರಡು ತಿಂಗಳು ತಾಲ್ಲೂಕು ಕಚೇರಿಯ ಸರ್ವೆ ಶಾಖೆಗೋ, ನೀರಾವರಿ ಇಲಾಖೆಗೋ ಕಳಿಸಲಿ. ಭೂಮಾಪಕರ ಅರ್ಹತೆಯ ಕಾಲಂಗೆ ಒಂದು ಸಾಲು ಸೇರಿಸಲಿ. ಚುನಾವಣೆ ಬಂದಾಗ ಮತ ಕೇಳಲು ಅಂಗಡಿ ಅಂಗಡಿ ಹತ್ತುವ ನಾಯಕರ ಮುಂದೆ ವ್ಯಾಪಾರಸ್ಥರು ಈ ಮಾತು ಎತ್ತಬಹುದು. ರಸ್ತೆ ಅಗಲ ಮಾಡುವಾಗ ಯಾರ ಅಂಗಡಿ ಎಷ್ಟು ಅಡಿ ಹೋಗುತ್ತದೆ ಅಂತ ನಿರ್ಧರಿಸುವುದೂ ಒಂದು ನಕ್ಷೆಯೇ.

ಭೂಗೋಳ ಓದಿದರೆ ಹೊಟ್ಟೆ ತುಂಬುತ್ತಾ ಅಂದರೆ, ನೆಟ್ಟಗೆ ಕಲಿತವನ ಹೊಟ್ಟೆ ತುಂಬುತ್ತದೆ, ನಿಧಾನವಾಗಿಯಾದರೂ. ಯಾರೂ ಓದದೇ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಹೊಸದುರ್ಗದ ಹಿನ್ನೀರಿನ ರೈತರನ್ನು ಕೇಳಿ. ನೀರು ಬರುವ ತನಕ ಅವರಿಗೂ ಅದು ಬರೀ ಪರೀಕ್ಷೆಯ ವಿಷಯವೇ ಆಗಿತ್ತು.